ಈಚಲು ಕಡಿದ ಕೈ, ದಿಲ್ಲಿಯ ಗಾದಿ



ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ತಿರುಗುವ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಪ್ರಶ್ನೆ ಇರುತ್ತೆ: ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾದ ಕನ್ನಡಿಗರು ಯಾರು? ಉತ್ತರ ಎರಡೇ ಹೆಸರು. 1968ರಲ್ಲಿ ಎಸ್. ನಿಜಲಿಂಗಪ್ಪ, 2022ರಲ್ಲಿ ಮಲ್ಲಿಕಾರ್ಜುನ ಖರ್ಗೆ. ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಬಂದರೆ ಮುಗೀತು. ಈ ಎರಡು ಹೆಸರಿನ ನಡುವೆ 54 ವರ್ಷ ಇದೆ, ಆ 54 ವರ್ಷದೊಳಗೆ ನಮ್ಮ ನಿಮ್ಮ ಸೀಟಿನ ಕತೆಯೂ ಸಿಕ್ಕಿಕೊಂಡಿದೆ ಅಂತ ಯಾವ ಗೈಡೂ ಹೇಳೋದಿಲ್ಲ. ಅದಕ್ಕೇ ಈ ಬರಹ.

ನಿಜಲಿಂಗಪ್ಪನವರು ಹುಟ್ಟಿದ್ದು 1902ರಲ್ಲಿ, ಹರಪನಹಳ್ಳಿ ಸೀಮೆಯ ಹಲುವಾಗಲಿನಲ್ಲಿ. ಪುಣೆಯಲ್ಲಿ ಕಾನೂನು ಓದಿ ಚಿತ್ರದುರ್ಗಕ್ಕೆ ಬಂದು ವಕೀಲಿಕೆಗೆ ನಿಂತರು. ಅವರನ್ನು ಬಂಡಾಯಗಾರನನ್ನಾಗಿ ಮಾಡಿದ್ದು ನಮ್ಮ ನಾಯಕನಹಟ್ಟಿಗೆ ದೂರವಲ್ಲದ ತುರುವನೂರು. 1939ರಲ್ಲಿ ಅಲ್ಲಿ ನಡೆದ ಈಚಲು ಮರ ಕಡಿಯುವ ಸತ್ಯಾಗ್ರಹದ ಮುಂದಾಳುಗಳಲ್ಲಿ ಅವರೂ ಒಬ್ಬರು. ಈಚಲು ಅಂದರೆ ಹೆಂಡ, ಹೆಂಡ ಅಂದರೆ ಮಹಾರಾಜರ ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ಕಾಸು. ಕೂಲಿಯವನ ದುಡಿಮೆ ಹೆಂಡದಂಗಡಿಗೆ, ಅಲ್ಲಿಂದ ಗುತ್ತಿಗೆದಾರನಿಗೆ, ಅಲ್ಲಿಂದ ಅರಮನೆಗೆ. ಮರದ ಬುಡಕ್ಕೆ ಕೊಡಲಿ ಹಾಕಿದರೆ ಆ ಹಾದಿಗೇ ಕೊಡಲಿ ಹಾಕಿದ ಹಾಗೆ. ಕಾನೂನು ಗೊತ್ತಿದ್ದ ವಕೀಲ ಕಾನೂನು ಮುರಿದು ಜೈಲಿಗೆ ಹೋದರು. ಇದನ್ನು ನಾವು ಸಣ್ಣದು ಅನ್ನೋದಿಲ್ಲ. ಕರಿ ಕೋಟು ಹಾಕಿಕೊಂಡು ಬೆಚ್ಚಗೆ ಇರಬಹುದಿತ್ತು, ಇರಲಿಲ್ಲ.

ಆದರೆ ನಾವು ಹಟ್ಟಿಯ ಮಕ್ಕಳು, ನಮಗೆ ಬೇರೆ ಪ್ರಶ್ನೆಗಳೂ ಏಳುತ್ತವೆ. ಕೊಡಲಿ ಹಿಡಿದು ಮರ ಉರುಳಿಸಿದ ಕೈಗಳು ಯಾರ ಯಾರವು? ಲಾಠಿ ಏಟು ತಿಂದು ಬೆನ್ನು ಬಾಸುಂಡೆ ಬಂದವರಲ್ಲಿ ನಮ್ಮ ಕೇರಿಯವರು ಎಷ್ಟು ಮಂದಿ? ಈಚಲು ಗರಿಯಲ್ಲಿ ಚಾಪೆ ನೇಯ್ದು, ಪೊರಕೆ ಕಟ್ಟಿ, ಬುಟ್ಟಿ ಹೆಣೆದು ಹೊಟ್ಟೆ ಹೊರೆಯುತ್ತಿದ್ದ ಕೊರಚರಿಗೆ ಮರ ಬಿದ್ದ ಮೇಲೆ ಬದುಕು ಏನು ಅಂತ ಆವತ್ತು ಸಭೆಯಲ್ಲಿ ಎದ್ದು ಕೇಳಿದವರು ಯಾರು? ನಮ್ಮ ತಿಪ್ಪೇರುದ್ರಸ್ವಾಮಿ ಹಟ್ಟಿಯಲ್ಲಿ ಕೆರೆ ಕಟ್ಟಿಸಿ, ಮಾಡಿದ ಕೆಲಸಕ್ಕೆ ತಕ್ಕಂತೆ ಅಳೆದು ಕೂಲಿ ಕೊಟ್ಟರು ಅಂತ ಜಾತ್ರೆಯಲ್ಲಿ ಕತೆ ಹೇಳ್ತಾರೆ. ಮಣ್ಣು ಹೊತ್ತವರ ಹೆಸರು ಆ ಕತೆಯಲ್ಲಿ ಬರೋದಿಲ್ಲ. ತುರುವನೂರಿನ ಕತೆಯೂ ಹಾಗೇ ಆಗಬಾರದು.

ಮುಂದಿನದು ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸೋಣ. ಸಂವಿಧಾನ ಸಭೆಯ ಸದಸ್ಯರು, ಏಕೀಕರಣದ ಮುಂದಾಳು, 1956ರ ನವೆಂಬರ್ 1ರಂದು ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿ. 1958ರಲ್ಲಿ ಇಳಿದರು. 1962ರ ಚುನಾವಣೆಯಲ್ಲಿ ತಮ್ಮ ಜಿಲ್ಲೆಯ ಹೊಸದುರ್ಗದಲ್ಲೇ ಸೋತರು, ಆಮೇಲೆ ಬಾಗಲಕೋಟೆಯಿಂದ ಗೆದ್ದು ಅದೇ ವರ್ಷ ಜೂನ್‌ನಲ್ಲಿ ಮತ್ತೆ ಮುಖ್ಯಮಂತ್ರಿಯಾದರು.

ಇಲ್ಲಿ ನಿಲ್ಲಿ ಗೆಳೆಯರೆ. ನಮ್ಮ ಕತೆ ಶುರುವಾಗೋದು ಇಲ್ಲಿಂದ.

1962ರ ಜುಲೈ 31ರಂದು ಅವರ ಸರ್ಕಾರ ಒಂದು ಆದೇಶ ಹೊರಡಿಸಿತು. ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇ. 28, ಹೆಚ್ಚು ಹಿಂದುಳಿದವರಿಗೆ ಶೇ. 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಒಟ್ಟು 68. ಕೇಳೋಕೆ ಚೆನ್ನಾಗಿದೆ. ಆದರೆ ಹಿಂದುಳಿದವರ ಪಟ್ಟಿಯೊಳಗೆ ಕೂತಿದ್ದವರು ಯಾರು? ನಾಗನಗೌಡ ಸಮಿತಿ ಲಿಂಗಾಯತರನ್ನು ಮುಂದುವರಿದವರು ಅಂತ ಎಣಿಸಿತ್ತು. ಜತ್ತಿಯವರ ಕಾಲದಲ್ಲಿ ಸರ್ಕಾರ ಅದನ್ನು ಒಪ್ಪದೆ ಅವರನ್ನು ಹಿಂದುಳಿದವರು ಎಂದು ಸೇರಿಸಿತು, ನಿಜಲಿಂಗಪ್ಪನವರ ಸರ್ಕಾರ ಹಾಗೇ ಉಳಿಸಿಕೊಂಡಿತು. ಹೈಸ್ಕೂಲಿನ ಕೊನೆಯ ಮೂರು ತರಗತಿಯಲ್ಲಿ ಓದುವವರು ಸಾವಿರಕ್ಕೆ ಎಷ್ಟು ಅನ್ನೋದು ಅಳತೆಗೋಲು. ರಾಜ್ಯದ ಸರಾಸರಿ 6.9, ಲಿಂಗಾಯತರದು 7.1. ಸರಾಸರಿಗಿಂತ ಮೇಲಿದ್ದವರೂ ಹಿಂದುಳಿದವರು! ಮಠ, ಮಠದ ಹಾಸ್ಟೆಲು, ಶಾಸನಸಭೆಯ ಬೆಂಚು ಎಲ್ಲ ಕೈಯಲ್ಲಿದ್ದ ಬಲಾಢ್ಯರಿಗೂ, ಊರಾಚೆ ಕುರಿ ಕಾಯುವವನಿಗೂ ಒಂದೇ ಸಾಲು ಮಾಡಿದರು.

ಸುಪ್ರೀಂ ಕೋರ್ಟು ಬಿಡಲಿಲ್ಲ. 1962ರ ಸೆಪ್ಟೆಂಬರ್ 28ರಂದು ಬಾಲಾಜಿ ಪ್ರಕರಣದಲ್ಲಿ ಆ ಆದೇಶವನ್ನೇ ಹೊಡೆದುಹಾಕಿತು. ಬರೀ ಜಾತಿ ನೋಡಿ ಹಿಂದುಳಿದವರೆಂದು ತೀರ್ಮಾನಿಸಬಾರದು, ಮೀಸಲಾತಿ ಸಾಮಾನ್ಯವಾಗಿ ಶೇ. 50ಕ್ಕಿಂತ ಕೆಳಗೇ ಇರಬೇಕು ಎಂದಿತು. 1992ರಲ್ಲಿ ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಗಟ್ಟಿಯಾದ 50ರ ಗೆರೆ ಇದೇ. ಮೆರಿಟ್ ಮೆರಿಟ್ ಅಂತ ಕ್ಯಾಂಟೀನಿನಲ್ಲಿ ನಮ್ಮನ್ನು ಹಂಗಿಸುವವರಿಗೆ ಈ ಗೆರೆ ಎಲ್ಲಿ ಹುಟ್ಟಿತು ಅಂತ ಕೇಳಿ ನೋಡಿ. ಬಲಿಷ್ಠರ ದುರಾಸೆಗೆ ಕೋರ್ಟು ಹಾಕಿದ ಬೇಲಿ ಅದು. ಆ ಬೇಲಿಯೊಳಗೆ ಸಿಕ್ಕಿಬಿದ್ದವರು ಮಾತ್ರ ಬಡವರು.

ಇನ್ನು ಆ 15 ಮತ್ತು 3? ಪಟೇಲರು ಬಂದರು, ಅರಸರು ಬಂದರು, ಹಾವನೂರು ಆಯೋಗ ಬಂತು, ಬಂದವರೆಲ್ಲ ಹೋದರು. ಆ 15 ಮತ್ತು 3 ಕದಲಲಿಲ್ಲ. 1991ರಲ್ಲಿ ಬೇಡ, ನಾಯಕ, ವಾಲ್ಮೀಕಿ ಬಂಧುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಚಳ್ಳಕೆರೆ, ಮೊಳಕಾಲ್ಮೂರಿನ ಊರೂರೇ ಆ ಪಟ್ಟಿಯೊಳಗೆ ಬಂದರೂ ತಟ್ಟೆಯಲ್ಲಿ ಇದ್ದದ್ದು ಅದೇ ಮೂರು ತುತ್ತು. ನಾಗಮೋಹನ ದಾಸ್ ಆಯೋಗದ ವರದಿಯ ಮೇಲೆ 2022ರಲ್ಲಿ ಸರ್ಕಾರ 15ನ್ನು 17ಕ್ಕೆ, 3ನ್ನು 7ಕ್ಕೆ ಏರಿಸಿದಾಗ ಒಟ್ಟು 56 ಆಯಿತು. ಆಗ ಮತ್ತೆ ಅಡ್ಡ ಬಂದದ್ದು ಆ 50ರ ಗೆರೆ. ಅರವತ್ತು ವರ್ಷದ ಹಿಂದಿನ ಒಂದು ಆದೇಶ ಹೀಗೆ ಬೆನ್ನು ಹತ್ತಿದೆ.

ಈಗ ದಿಲ್ಲಿಗೆ ಬರೋಣ. 1968ರಲ್ಲಿ ನಿಜಲಿಂಗಪ್ಪನವರು ಮುಖ್ಯಮಂತ್ರಿ ಕುರ್ಚಿ ವೀರೇಂದ್ರ ಪಾಟೀಲರಿಗೆ ಬಿಟ್ಟು ಅಧ್ಯಕ್ಷಗಿರಿಗೆ ಹೋದರು. ಸಿಂಡಿಕೇಟ್ ಅಂತ ಪತ್ರಿಕೆಗಳು ಕರೆದ ಗುಂಪಿನವರು. 1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕೀರ್ ಹುಸೇನರು ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎ.ಐ.ಸಿ.ಸಿ. ಅಧಿವೇಶನ. ರಾಷ್ಟ್ರಪತಿ ಅಭ್ಯರ್ಥಿ ಯಾರು ಅನ್ನುವಾಗ ಇಂದಿರಾ ಗಾಂಧಿ ಪಾರ್ಲಿಮೆಂಟರಿ ಬೋರ್ಡಿನ ಮುಂದೆ ಬಾಬು ಜಗಜೀವನ ರಾಮ್ ಹೆಸರಿಟ್ಟರು. ಅದು ಗಾಂಧಿ ಶತಮಾನೋತ್ಸವದ ವರ್ಷ. ಬೀದಿ ಬೀದಿಯಲ್ಲಿ ಹರಿಜನೋದ್ಧಾರದ ಭಾಷಣ. ಬೋರ್ಡಿನ ಬಹುಮತ ಮಾತ್ರ ಸಂಜೀವ ರೆಡ್ಡಿಯವರ ಕಡೆಗೆ ಹೋಯಿತು.

ಇಂದಿರಾ ಗಾಂಧಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿ ಬಂದಿತ್ತು ಅಂತ ನಾವು ನಂಬೋದಿಲ್ಲ. ಚದುರಂಗದಲ್ಲಿ ಅವರಿಗೊಂದು ಕಾಯಿ ಬೇಕಿತ್ತು. ಆದರೆ ಎದುರಿಗಿದ್ದವರಿಗೆ ಆ ಕಾಯಿ ಬೇಡವೇ ಬೇಡ ಅನ್ನಿಸಿತಲ್ಲ, ಅದನ್ನು ಮರೆಯೋಕೆ ಆಗುತ್ತಾ? ದಲಿತರೊಬ್ಬರು ರಾಷ್ಟ್ರಪತಿ ಭವನದ ಮೆಟ್ಟಿಲು ಹತ್ತೋಕೆ 1997ರ ತನಕ ಕಾಯಬೇಕಾಯಿತು, ಕೆ.ಆರ್. ನಾರಾಯಣನ್ ಬರುವ ತನಕ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಇಂದಿರಾ ಗಾಂಧಿ ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿ, ವಿ.ವಿ. ಗಿರಿಯವರ ಕಡೆ ನಿಂತರು. ಸಂಜೀವ ರೆಡ್ಡಿಯವರನ್ನು ಗೆಲ್ಲಿಸಲು ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷದ ನಾಯಕರ ಬಳಿ ಹೋಗಿ ಎರಡನೆ ಪ್ರಾಶಸ್ತ್ಯದ ಮತ ಕೇಳಿದರು. ಸ್ವತಂತ್ರ ಪಕ್ಷ ಅಂದರೆ ಏನು? ಮಾಜಿ ರಾಜರು, ದೊಡ್ಡ ಜಮೀನ್ದಾರರು ನೆರಳು ಹುಡುಕಿಕೊಂಡು ಸೇರಿದ್ದ ಛತ್ರ. ಮಹಾರಾಜರ ಖಜಾನೆಗೆ ಹೋಗುವ ಹೆಂಡದ ಕಾಸು ತಡೆಯಲು ಈಚಲು ಕಡಿದ ಮನುಷ್ಯ ಮೂವತ್ತು ವರ್ಷಕ್ಕೆ ಮಾಜಿ ಮಹಾರಾಜರ ಪಕ್ಷದ ಬಾಗಿಲಲ್ಲಿ! ಗಿರಿ ಗೆದ್ದರು. ನವೆಂಬರ್ 12ರಂದು ಅಧ್ಯಕ್ಷರು ಪ್ರಧಾನಮಂತ್ರಿಯನ್ನೇ ಪಕ್ಷದಿಂದ ಹೊರಹಾಕಿದರು. ಪಕ್ಷ ಎರಡು ಹೋಳು. ಆ ಕಡೆಯ ಹೋಳಿಗೆ ಅಧ್ಯಕ್ಷರಾದವರು ಯಾರು ಗೊತ್ತೆ? ಅದೇ ಜಗಜೀವನ ರಾಮ್. 1971ರ ಚುನಾವಣೆಯಲ್ಲಿ ಅವರ ಕಾಂಗ್ರೆಸ್ಸಿಗೆ 352, ನಿಜಲಿಂಗಪ್ಪನವರ ಕಾಂಗ್ರೆಸ್ಸಿಗೆ 16. ನಮ್ಮ ರಾಜ್ಯದ 27ಕ್ಕೆ 27 ಸ್ಥಾನವೂ ಆ ಕಡೆಗೇ ಹೋಯಿತು. ಮರುವರ್ಷ ದೇವರಾಜ ಅರಸು ಬಂದರು.

ನಿಜಲಿಂಗಪ್ಪನವರು ಚಿತ್ರದುರ್ಗಕ್ಕೆ ಹಿಂದಿರುಗಿದರು. ಇಷ್ಟು ದೊಡ್ಡ ಅಧಿಕಾರ ನೋಡಿದವರು ಸಾಧಾರಣ ಮನೆಯಲ್ಲೇ ಬದುಕಿ 2000ದ ಆಗಸ್ಟ್ 8ರಂದು ತೀರಿಕೊಂಡರು. ಸೀಬಾರದಲ್ಲಿ ಸಮಾಧಿ ಇದೆ. ಲಂಚ ಮುಟ್ಟದ ಕೈ ಅಂತ ವಿರೋಧಿಗಳೂ ಹೇಳ್ತಾರೆ, ನಾವೂ ಹೇಳುತ್ತೇವೆ. ಆದರೆ ಕಾಸು ಮುಟ್ಟದ ಪ್ರಾಮಾಣಿಕತೆ ಒಂದು, ಜಾತಿಯ ಲಾಭ ಬಿಟ್ಟುಕೊಡುವ ಪ್ರಾಮಾಣಿಕತೆ ಇನ್ನೊಂದು. ಮೊದಲನೆಯದು ಅವರಲ್ಲಿ ಧಾರಾಳವಾಗಿ ಇತ್ತು.

ಅದೇ ಗಾದಿಗೆ 2022ರ ಅಕ್ಟೋಬರ್‌ನಲ್ಲಿ ವರವಟ್ಟಿಯ ಖರ್ಗೆ ಬಂದರು, 7,897 ಮತ ಪಡೆದು, 1,072 ಪಡೆದ ಶಶಿ ತರೂರರನ್ನು ಸೋಲಿಸಿ. ರಜಾಕಾರರು ಹಚ್ಚಿದ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗ, ಗುಲಬರ್ಗದಲ್ಲಿ ವಿದ್ಯಾರ್ಥಿ ಮುಖಂಡ, ಮಿಲ್ ಕಾರ್ಮಿಕರ ವಕೀಲ, 1972ರಿಂದ ಗುರುಮಠಕಲ್ಲಿನ ಶಾಸಕ. ನಮ್ಮ ಹುಡುಗರು ಆವತ್ತು ಸಿಹಿ ಹಂಚಿದರೆ ನಾವು ಬೇಡ ಅನ್ನಲಿಲ್ಲ. ಆದರೆ ಮೊಳಕಾಲ್ಮೂರಿನ ಗಡಿ ದಾಟಿದರೆ ಸಿಗುವ ಆಂಧ್ರದಲ್ಲಿ 1960ರಲ್ಲೇ ದಾಮೋದರಂ ಸಂಜೀವಯ್ಯ ಮುಖ್ಯಮಂತ್ರಿಯಾಗಿದ್ದರು, 1962ರಲ್ಲಿ ಇದೇ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. ನಮ್ಮಲ್ಲಿ 2023ರ ಚುನಾವಣೆ ಮುಗಿದಾಗಲೂ ವಿಧಾನಸೌಧದ ಆ ಕುರ್ಚಿಗೆ ದಲಿತರು ಬಂದಿರಲಿಲ್ಲ. ದಿಲ್ಲಿಯ ಗಾದಿ ಕೊಡುತ್ತಾರೆ, ಬೆಂಗಳೂರಿನದು ಕೊಡುವುದಿಲ್ಲ, ಯಾಕೆ? ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ಇಡೋಣ.

ಅದಕ್ಕೂ ಮುಂಚೆ ಒಂದು ಕೆಲಸ. ರಜೆಗೆ ಊರಿಗೆ ಹೋಗುವವರು, ತುರುವನೂರು ಕಡೆ ನೆಂಟರಿರುವವರು, ಕೇರಿಯ ಅಜ್ಜ ಅಜ್ಜಿಯರ ಹತ್ತಿರ ಕೂತು ಕೇಳಿ: 1939ರಲ್ಲಿ ನಮ್ಮ ಮನೆಯಿಂದ ಯಾರು ಹೋಗಿದ್ದರು, ಯಾರು ಏಟು ತಿಂದರು, ಈಚಲು ಗರಿಗೆ ಕೈಯೊಡ್ಡಿದ್ದವರು ಆಮೇಲೆ ಏನು ಮಾಡಿದರು. ಕೇಳಿದ್ದನ್ನು ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು ತನ್ನಿ. ಸ್ಟೆನ್ಸಿಲ್ ಕೊಯ್ಯುವ ಮುಂಚೆ ಬಂದರೆ ಬರುವ ಸಂಚಿಕೆಯಲ್ಲೇ ಅಚ್ಚಾಗುತ್ತೆ.