ಕೆಟಲ್ ನೋಡಿ ಹಬೆ ಯಂತ್ರ ಕಂಡುಹಿಡಿದರೇ ಜೇಮ್ಸ್ ವಾಟ್? ಇಲ್ಲಿದೆ ವಿವರ

ಬಾಲಕ ಜೇಮ್ಸ್ ವಾಟ್ ಕುದಿಯುವ ಕೆಟಲ್‌ನ ಮುಚ್ಚಳ ಕುಣಿಯುವುದನ್ನು ನೋಡಿದ, ದೊಡ್ಡವನಾಗಿ ಹಬೆ ಯಂತ್ರ ಕಂಡುಹಿಡಿದ. ಸ್ಫೂರ್ತಿಯ ಸಂದೇಶವಾಗಿ ಈ ಕತೆ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಇದರಲ್ಲಿ ನಿಜವೆಷ್ಟು?

ವಾಟ್ ಹುಟ್ಟುವ ಮೊದಲೇ ಇತ್ತು ಯಂತ್ರ

ವಾಟ್ ಹುಟ್ಟಿದ್ದು 1736ರಲ್ಲಿ, ಸ್ಕಾಟ್ಲೆಂಡ್‌ನಲ್ಲಿ. ಅದಕ್ಕೂ 24 ವರ್ಷ ಮೊದಲೇ, 1712ರಲ್ಲಿ, ಇಂಗ್ಲೆಂಡಿನ ಡಡ್ಲಿ ಬಳಿಯ ಕಲ್ಲಿದ್ದಲು ಗಣಿಯೊಂದರಲ್ಲಿ ಹಬೆ ಯಂತ್ರ ನೀರೆತ್ತುತ್ತಿತ್ತು. ಅದನ್ನು ಕಟ್ಟಿದವರು ಡಾರ್ಟ್‌ಮತ್ ಊರಿನ ಕಬ್ಬಿಣದ ಸಾಮಾನಿನ ವ್ಯಾಪಾರಿ ಥಾಮಸ್ ನ್ಯೂಕಮೆನ್ ಮತ್ತು ಅವರ ಜೊತೆಗಾರ ಜಾನ್ ಕ್ಯಾಲಿ. ಥಾಮಸ್ ಬಾರ್ನಿ 1719ರಲ್ಲಿ ಕೆತ್ತಿದ ಆ ಯಂತ್ರದ ಚಿತ್ರ ಇಂದಿಗೂ ಇದೆ. ನಿಮಿಷಕ್ಕೆ 12 ಬಾರಿ, ಪ್ರತಿ ಸಲ 10 ಗ್ಯಾಲನ್ (ಸುಮಾರು 45 ಲೀಟರ್) ನೀರನ್ನು ಅದು ಸುಮಾರು 46 ಮೀಟರ್ ಆಳದಿಂದ ಎತ್ತುತ್ತಿತ್ತು.

ಕೆಟಲ್‌ಗೂ ಈ ಯಂತ್ರಕ್ಕೂ ವ್ಯತ್ಯಾಸವೇನು?

ಕೆಟಲ್‌ನಲ್ಲಿ ಹಬೆಯೇ ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಕಮೆನ್ ಯಂತ್ರದಲ್ಲಿ ದುಡಿಯುತ್ತಿದ್ದದ್ದು ಹೊರಗಿನ ಗಾಳಿಯ ಒತ್ತಡ. ಸಿಲಿಂಡರ್‌ನಲ್ಲಿ ಹಬೆ ತುಂಬಿ ತಣ್ಣೀರು ಚಿಮ್ಮಿಸಿದರೆ, ಹಬೆ ನೀರಾಗಿ ಒಳಗೆ ನಿರ್ವಾತ ಉಂಟಾಗುತ್ತದೆ. ಆಗ ಗಾಳಿ ಪಿಸ್ಟನ್ ಅನ್ನು ಕೆಳಕ್ಕೆ ಒತ್ತುತ್ತದೆ. ಏತದಂತೆ ತೂಗುವ ತೊಲೆಯ ಇನ್ನೊಂದು ತುದಿಯಲ್ಲಿ ಪಂಪಿನ ಸರಳು ಮೇಲೇಳುತ್ತದೆ.

ಹಾಗಾದರೆ ವಾಟ್ ಮಾಡಿದ್ದೇನು?

1763–64ರ ಹೊತ್ತಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣಗಳನ್ನು ತಯಾರಿಸುತ್ತಿದ್ದ ವಾಟ್ ಕೈಗೆ ನ್ಯೂಕಮೆನ್ ಯಂತ್ರದ ಮಾದರಿಯೊಂದು ರಿಪೇರಿಗೆ ಬಂತು. ಪ್ರತಿ ಬಾರಿಯೂ ಸಿಲಿಂಡರ್ ತಣ್ಣಗಾಗಿ ಮತ್ತೆ ಕಾಯಬೇಕಿತ್ತು; ಇಂಧನ ಪೋಲಾಗುತ್ತಿತ್ತು. 1765ರಲ್ಲಿ ಅವರಿಗೆ ಪರಿಹಾರ ಹೊಳೆಯಿತು: ಹಬೆಯನ್ನು ಬೇರೆ ಪಾತ್ರೆಯಲ್ಲಿ ತಣಿಸಿದರೆ ಸಿಲಿಂಡರ್ ಬಿಸಿಯಾಗಿಯೇ ಇರುತ್ತದೆ. 1769ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಸಿಲಿಂಡರ್ ಅನ್ನು ನಿಖರವಾಗಿ ಕೊರೆಯುವವರು ಸಿಗಲಿಲ್ಲ. ಫಿರಂಗಿ ಕೊರೆಯುವ ಯಂತ್ರ ರೂಪಿಸಿದ್ದ ಜಾನ್ ವಿಲ್ಕಿನ್ಸನ್ ಅದನ್ನು ಸಾಧ್ಯವಾಗಿಸಿದರು. 1776ರಲ್ಲಿ ವಾಟ್ ಯಂತ್ರಗಳು ಕೆಲಸಕ್ಕಿಳಿದವು.

ವಾಟ್ ಹೆಸರೇ ಏಕೆ ಉಳಿಯಿತು?

ನ್ಯೂಕಮೆನ್‌ಗೆ ಸ್ವಂತ ಪೇಟೆಂಟ್ ಇರಲಿಲ್ಲ. ಬೆಂಕಿಯ ಬಲದಿಂದ ನೀರೆತ್ತುವ ಹಕ್ಕನ್ನು ಥಾಮಸ್ ಸೇವರಿ 1698ರಲ್ಲೇ ಪಡೆದಿದ್ದರಿಂದ, ಅದರಡಿಯಲ್ಲೇ ದುಡಿಯಬೇಕಾಯಿತು. ನ್ಯೂಕಮೆನ್ ಮುಖ ಹೇಗಿತ್ತೆಂದು ತೋರಿಸುವ ಚಿತ್ರವೂ ಉಳಿದಿಲ್ಲ.

ವಾಟ್ ಮತ್ತು ಅವರ ಪಾಲುದಾರ ಮ್ಯಾಥ್ಯೂ ಬೋಲ್ಟನ್ ಸಂಸತ್ತಿನ ಮೂಲಕ ಪೇಟೆಂಟ್ ಅವಧಿಯನ್ನು 1800ರವರೆಗೆ ವಿಸ್ತರಿಸಿಕೊಂಡರು. ಗಣಿ ಮಾಲೀಕರಿಗೆ ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಭಾಗವನ್ನು ಶುಲ್ಕವಾಗಿ ಪಡೆದರು. ಅವರ ಪತ್ರಗಳು, ನಕ್ಷೆಗಳು ಇಂದಿಗೂ ಬರ್ಮಿಂಗ್‌ಹ್ಯಾಮ್ ಗ್ರಂಥಾಲಯದಲ್ಲಿವೆ. ಕಾಗದಪತ್ರ ಉಳಿಸಿಕೊಂಡವರ ಹೆಸರು ಇತಿಹಾಸದಲ್ಲಿ ಸುಲಭವಾಗಿ ಉಳಿಯುತ್ತದೆ.

ಒಟ್ಟಿನಲ್ಲಿ, ವಾಟ್ ಹಬೆ ಯಂತ್ರವನ್ನು ಕಂಡುಹಿಡಿದವರಲ್ಲ, ಅದನ್ನು ಮಹತ್ತರವಾಗಿ ಸುಧಾರಿಸಿದವರು. ಆ ಸಾಧನೆಯೇನೂ ಚಿಕ್ಕದಲ್ಲ. ಆದರೆ ಒಬ್ಬರಿಗೇ ಪೂರ್ತಿ ಶ್ರೇಯ ಕೊಟ್ಟರೆ ಸೇವರಿ, ನ್ಯೂಕಮೆನ್, ಕ್ಯಾಲಿ, ವಿಲ್ಕಿನ್ಸನ್ ಎಲ್ಲರೂ ಮರೆಯಾಗುತ್ತಾರೆ. ಮುಂದಿನ ಸಲ ಕೆಟಲ್ ಕತೆ ಬಂದರೆ ಎರಡು ಇಸವಿಗಳನ್ನು ಸೇರಿಸಿ ಕಳಿಸಿ: ಯಂತ್ರ ಓಡಿದ್ದು 1712, ವಾಟ್ ಹುಟ್ಟಿದ್ದು 1736.