ನೆಟ್ಟ ಗಿಡ ಮತ್ತು ಬಿಸಿಲು

ಬೆಳಕೇ ಸಸ್ಯಗಳ ಬಾಳು. ಹಸುರೆಲೆಯು ಸೂರ್ಯನ ಬೆಳಕನ್ನು ಹೀರಿ, ನೀರು ಮತ್ತು ಇಂಗಾಲದ ಡೈ ಆಕ್ಸೈಡುಗಳಿಂದ ತನ್ನ ಆಹಾರವನ್ನು ತಯಾರಿಸಿಕೊಳ್ಳುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಆದರೆ ಅತಿಯಾದರೆ ಅಮೃತವೂ ವಿಷವೆಂಬ ಮಾತು ಬೆಳಕಿಗೂ ಸಲ್ಲುತ್ತದೆ.

ಎಲೆಯ ಜೀವಕೋಶಗಳಲ್ಲಿ, ಬೆಳಕಿನ ಶಕ್ತಿಯಿಂದ ನೀರನ್ನು ವಿಭಜಿಸುವ ಪ್ರೋಟೀನುಗಳ ಕೂಟವೊಂದಿದೆ. ಅದರ ನಡುವೆ ಇರುವ 'ಡಿ-1' ಎಂಬ ಪ್ರೋಟೀನು ಬಹು ಸುಲಭವಾಗಿ ಘಾಸಿಗೊಳ್ಳುವಂಥದು. ಎಲೆಯು ಬಳಸಲಾರದಷ್ಟು ಬೆಳಕು ಬಿದ್ದಾಗ, ಮಿಕ್ಕ ಶಕ್ತಿಯಿಂದ ಆಮ್ಲಜನಕವು ಉಗ್ರರೂಪವನ್ನು ತಾಳಿ ಇಂತಹ ಪ್ರೋಟೀನುಗಳನ್ನು ಕೆಡಿಸುತ್ತದೆ. ಹಾಗೆಂದು ಸಸ್ಯವು ಕೈಕಟ್ಟಿ ಕೂರುವುದಿಲ್ಲ. ಹೆಚ್ಚಾದ ಶಕ್ತಿಯನ್ನು ಅದು ಶಾಖವಾಗಿ ಹೊರಚೆಲ್ಲುತ್ತದೆ. ಕೆಟ್ಟ ಡಿ-1 ಅನ್ನು ತೆಗೆದು ಹೊಸದನ್ನು ಕೂಡಿಸುತ್ತದೆ. ಹಗಲೆಲ್ಲ ಈ ದುರಸ್ತಿ ನಡೆದೇ ಇರುತ್ತದೆ. ಹಾನಿಯ ವೇಗವು ದುರಸ್ತಿಯ ವೇಗವನ್ನು ಮೀರಿದರೆ ಮಾತ್ರ ಆಹಾರ ತಯಾರಿಕೆ ಕುಗ್ಗುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ.

ನೆರಳಿನಲ್ಲಿ ಬೆಳೆದ ಎಲೆಗೆ ಈ ಅಪಾಯ ಹೆಚ್ಚು. ದೊರೆತ ಅಲ್ಪ ಬೆಳಕನ್ನು ಬಾಚಿಕೊಳ್ಳಲು ಅದು ಸಜ್ಜಾಗಿದೆಯೇ ಹೊರತು, ಹೆಚ್ಚಾದುದನ್ನು ಚೆಲ್ಲುವ ಸಾಮರ್ಥ್ಯ ಅದಕ್ಕೆ ಕಡಿಮೆ.

ಕೆ. ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದರು. ಅಂದಿನಿಂದ ವರ್ಷವರ್ಷವೂ ಶಾಲೆಗಳಲ್ಲಿ ಸಸಿ ನೆಡುತ್ತಿದ್ದೇವೆ. ಚಪ್ಪರದ ನೆರಳಿನಲ್ಲಿ ಬೆಳೆದ ಸಸಿಯನ್ನು ತಂದು ಬಟ್ಟಬಯಲಿನಲ್ಲಿ ನೆಟ್ಟು, ನೀರೆರೆದು, ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಮೋಡ ಚದುರಿ ಬಿಸಿಲೇರಿದಾಗ ಅದರ ಗತಿಯೇನು? ಅದು ಒಣಗಿದರೆ ನೀರು ಸಾಲದಾಯಿತೆನ್ನುತ್ತೇವೆ. ಎಷ್ಟೋ ವೇಳೆ ಅದು ನಿಜವಿರಬಹುದು. ಆದರೆ ಬೆಳಕಿನ ಹೊರೆಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

"ಕಾಡಿನ ಗಿಡಕ್ಕೆ ನೆರಳು ಹಿಡಿಯುವವರಾರು?" ಎಂದು ಕೆಲವರು ಕೇಳಬಹುದು. ಕಾಡಿನ ಸಸಿ ಮೊಳೆತಲ್ಲಿಯೇ ಬೆಳೆಯುತ್ತದೆ. ಅದರ ಎಲೆಗಳು ಅಲ್ಲಿನ ಬೆಳಕಿಗೆ ತಕ್ಕಂತೆಯೇ ರೂಪುಗೊಳ್ಳುತ್ತವೆ. ಒಂದೇ ದಿನದಲ್ಲಿ ನೆರಳಿನಿಂದ ಬಿಸಿಲಿಗೆ ಎಳೆದು ತಂದವರು ನಾವು. ಮಲೆನಾಡಿನ ರೈತರು ಎಳೆಯ ಅಡಕೆ ಸಸಿಗಳ ಬಳಿ ಬಾಳೆ ನೆಟ್ಟು ನೆರಳು ಮಾಡುತ್ತಾರೆ. ಆ ವಿವೇಕ ನಮಗೂ ಬೇಕು.

ನೆಡುವ ಮುನ್ನ ಕೆಲವು ದಿನ ಸಸಿಯನ್ನು ಮೊದಲು ಬೆಳಗಿನ ಎಳೆಬಿಸಿಲಿಗೆ, ಆಮೇಲೆ ಹೆಚ್ಚು ಹೊತ್ತಿನ ಬಿಸಿಲಿಗೆ ಒಗ್ಗಿಸಬೇಕು. ನೆಟ್ಟ ಮೇಲೆ ತೆಂಗಿನ ಗರಿಯನ್ನಾದರೂ ಮರೆಮಾಡಬೇಕು. ಹೊಸ ಬೆಳಕಿನಲ್ಲಿ ಹೊಸ ಎಲೆ ಚಿಗುರಿದ ಮೇಲೆ ಮರೆಯನ್ನು ತೆಗೆಯಬಹುದು. ನೂರು ಸಸಿ ನೆಟ್ಟು ಮರೆಯುವುದಕ್ಕಿಂತ ಹತ್ತು ಸಸಿಗಳನ್ನು ಸಾಕಿ ಬೆಳೆಸುವುದೇ ನಿಜವಾದ ವನಮಹೋತ್ಸವ.