ಹಳೆಯ ಕಿರೀಟ, ಹೊಸ ಕಿರೀಟ: ಒಂದು ನಗೆಯ ವಿಚಾರಣೆ

ಆಂಗ್ಲರ ನಗೆಯನ್ನು ಕೊಂಡಾಡುವುದು ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ತಮ್ಮ ಮುಖ್ಯಮಂತ್ರಿಯನ್ನೇ ವಾರವಾರವೂ ಚಿತ್ರದಲ್ಲಿ ಕುಣಿಸಿ ನಕ್ಕ ಜನ ಅವರು, ನಕ್ಕವನು ಸೆರೆಮನೆಗೆ ಹೋಗಲಿಲ್ಲ, ನಗೆಗೆ ಈಡಾದವನು ಸೇಡು ತೀರಿಸಿಕೊಳ್ಳಲಿಲ್ಲ, ಸ್ವಾತಂತ್ರ್ಯವೆಂದರೆ ಅದಲ್ಲವೆ ಎಂಬ ಮಾತನ್ನು ನಾವು ವೇದಿಕೆಗಳ ಮೇಲಿಂದ ಕೇಳಿದ್ದೇವೆ, ಲೇಖನಗಳಲ್ಲಿ ಓದಿದ್ದೇವೆ. ಈ ಮಾತಿಗೆ ಸಾಕ್ಷಿಯಾಗಿ ಮುಂದಿಡುವ ಚಿತ್ರಗಳಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಮುತ್ಸದ್ದಿ ಬೆಂಜಮಿನ್ ಡಿಸ್ರೇಲಿಯನ್ನು ಕುರಿತ ವ್ಯಂಗ್ಯಚಿತ್ರಗಳಿಗೆ ಅಗ್ರಸ್ಥಾನ. ಆ ಸಾಕ್ಷಿಗಳನ್ನು ಒಮ್ಮೆ ಕಟಕಟೆಗೆ ಕರೆದು ವಿಚಾರಿಸುವುದು ಈ ಲೇಖನದ ಉದ್ದೇಶ. ಆ ನಗೆ ಮಾರುವವನನ್ನು ಹೀಯಾಳಿಸಿತು, ಸರಕನ್ನು ಮಾತ್ರ ಸದ್ದಿಲ್ಲದೆ ಮನೆಗೊಯ್ಯಿತು. ಇದು ನಮ್ಮ ವಾದ.

ಮೊದಲು ಹಿನ್ನೆಲೆಯನ್ನು ತಿಳಿಯೋಣ. ಡಿಸ್ರೇಲಿ 1804ರಲ್ಲಿ ಲಂಡನ್ನಿನ ಯೆಹೂದ್ಯ ಮನೆತನವೊಂದರಲ್ಲಿ ಹುಟ್ಟಿದನು. ತಂದೆ ಐಸಾಕ್ ಗ್ರಂಥಪ್ರಿಯನಾದ ಸಾಹಿತಿ. ತಮ್ಮ ದೇವಾಲಯದವರೊಡನೆ ಮನಸ್ತಾಪ ಬೆಳೆದಮೇಲೆ ಆತನು 1817ರಲ್ಲಿ ಮಕ್ಕಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದನು. ಬಾಲಕನಿಗೆ ಆಗ ಹನ್ನೆರಡು ವರ್ಷ. ಅಂದಿನಿಂದ ಸಾಯುವವರೆಗೆ ಡಿಸ್ರೇಲಿ ಆಂಗ್ಲ ಚರ್ಚಿನವನಾಗಿಯೇ ಬಾಳಿದನು. ಕಾದಂಬರಿಗಳನ್ನು ಬರೆದನು, 1837ರಲ್ಲಿ ಪಾರ್ಲಿಮೆಂಟನ್ನು ಪ್ರವೇಶಿಸಿದನು, 1868ರಲ್ಲಿ ಕೆಲವು ತಿಂಗಳು, ಮತ್ತೆ 1874ರಿಂದ 1880ರವರೆಗೆ, ರಾಜ್ಯದ ಮುಖ್ಯಮಂತ್ರಿಯಾಗಿದ್ದನು. ಯೆಹೂದ್ಯ ಧರ್ಮವನ್ನು ಬಿಡದವನಿಗೆ ಕಾಮನ್ಸ್ ಸಭೆಯ ಬಾಗಿಲು ತೆರೆದದ್ದು 1858ರಲ್ಲಿ ಎಂಬುದನ್ನು ನೆನೆದರೆ, ಆತನ ಏಳಿಗೆ ಆ ಸಮಾಜಕ್ಕೆ ಎಷ್ಟು ಅಚ್ಚರಿಯ, ಎಷ್ಟು ಅಸಹನೆಯ ವಿಷಯವಾಗಿದ್ದಿತೆಂಬುದು ಗೋಚರವಾಗುತ್ತದೆ.

ಆ ಅಸಹನೆಗೆ ರೂಪು ಕೊಟ್ಟ ಪತ್ರಿಕೆಗಳಲ್ಲಿ ಮುಖ್ಯವಾದುದು 1841ರಲ್ಲಿ ಹುಟ್ಟಿದ 'ಪಂಚ್'. ಅದರ ಪ್ರಧಾನ ಚಿತ್ರಕಾರ ಜಾನ್ ಟೆನಿಯಲ್. 'ಆಲಿಸ್' ಕಥೆಗೆ 1865ರಲ್ಲಿ ಆತನು ಬರೆದ ಚಿತ್ರಗಳನ್ನು ಇಂದಿನ ಮಕ್ಕಳೂ ನೋಡಿ ಹಿಗ್ಗುತ್ತಾರೆ. ಆತನ ಕೈಚಳಕದ ವಿಷಯದಲ್ಲಿ ನಮಗೆ ತಕರಾರಿಲ್ಲ. ಆದರೆ ಪಂಚ್ ಪತ್ರಿಕೆಯ ದೊಡ್ಡ ಚಿತ್ರವು ಒಬ್ಬ ಕಲಾವಿದನ ಸ್ವಚ್ಛಂದ ಸ್ಫೂರ್ತಿಯಿಂದ ಹುಟ್ಟುತ್ತಿರಲಿಲ್ಲ. ಪ್ರತಿ ಬುಧವಾರ ಪತ್ರಿಕೆಯ ಬಳಗವೆಲ್ಲ ಕೂಡಿ ಊಟಕ್ಕೆ ಕುಳಿತು, ಮುಂದಿನ ಸಂಚಿಕೆಯ ಚಿತ್ರಕ್ಕೆ ವಿಷಯ ಯಾವುದು, ಅಡಿಬರಹ ಏನು ಎಂದು ಚರ್ಚಿಸಿ ನಿರ್ಣಯಿಸುತ್ತಿದ್ದಿತು. ಅನಂತರ ಟೆನಿಯಲ್ ಮರದ ಅಚ್ಚಿನ ಮೇಲೆ ಚಿತ್ರ ಬರೆಯುವನು. ಜೋಸೆಫ್ ಸ್ವೇನನ ಕಾರ್ಖಾನೆಯವರು ಅದನ್ನು ಕೆತ್ತುವರು. ಆದುದರಿಂದ ಈ ಚಿತ್ರಗಳಲ್ಲಿ ನಾವು ಕೇಳುವುದು ಒಂದು ಪಂಕ್ತಿಯ ನಗೆ. ಉಂಡು ತೃಪ್ತವಾದ ಒಂದು ವರ್ಗದ ಒಮ್ಮತದ ನಗೆ.

ಈಗ 1876ರ ಏಪ್ರಿಲ್ 15ರ ಚಿತ್ರವನ್ನು ನೋಡೋಣ. ವಿಕ್ಟೋರಿಯಾ ರಾಣಿಗೆ 'ಇಂಡಿಯಾದ ಚಕ್ರವರ್ತಿನಿ' ಎಂಬ ಬಿರುದನ್ನು ಕೊಡುವ ಶಾಸನ ಪಾರ್ಲಿಮೆಂಟಿನ ಮುಂದಿದ್ದ ಕಾಲ ಅದು. ಚಿತ್ರದ ಹೆಸರು 'ಹಳೆಯ ಕಿರೀಟಗಳಿಗೆ ಹೊಸ ಕಿರೀಟಗಳು'. ಅಲ್ಲಾವುದ್ದೀನನ ಕಥೆಯಲ್ಲಿ ಹಳೆಯ ದೀಪ ಕೊಟ್ಟರೆ ಹೊಸ ದೀಪ ಕೊಡುವೆನೆಂದು ಕೂಗುತ್ತ ಬರುವ ಮಾಯಾವಿಯನ್ನು ವಾಚಕರೆಲ್ಲರೂ ಬಲ್ಲರು. ಡಿಸ್ರೇಲಿಗೆ ಇಲ್ಲಿ ಆ ಮಾಯಾವಿಯ ವೇಷ. ಪೂರ್ವದೇಶದ ವ್ಯಾಪಾರಿಯ ಉಡುಗೆ ತೊಟ್ಟು, ಮುಖದಲ್ಲಿ ಕುಟಿಲವಾದ ವಿನಯ ತೋರುತ್ತ, ಆತನು ರಾಣಿಗೆ ಇಂಡಿಯಾದ ಕಿರೀಟವನ್ನು ನೀಡುತ್ತಿದ್ದಾನೆ. ರಾಣಿಯ ಕೈಯಲ್ಲಿ ಹಿರಿಯರಿಂದ ಬಂದ ಕಿರೀಟ. ಭಾವ ಸ್ಪಷ್ಟವಾಗಿದೆ: ಮುಗ್ಧೆಯಾದ ಗೃಹಿಣಿಯೊಬ್ಬಳನ್ನು ಪರದೇಶಿ ಮಾರಾಟಗಾರನೊಬ್ಬ ಬಾಗಿಲಲ್ಲಿ ನಿಲ್ಲಿಸಿ ಮೋಸಗೊಳಿಸುತ್ತಿದ್ದಾನೆ.

ಇದು ಸತ್ಯವೆ? ಚಕ್ರವರ್ತಿನಿಯ ಬಿರುದಿಗಾಗಿ ಹಂಬಲಿಸಿದವಳು ರಾಣಿಯೇ. ಅದನ್ನು ಬೇಗ ದೊರಕಿಸಬೇಕೆಂದು ಮಂತ್ರಿಯ ಬೆನ್ನು ಹತ್ತಿದವಳೂ ಆಕೆಯೇ. ಮಂತ್ರಿಯು ಒಡತಿಯ ಇಚ್ಛೆಯನ್ನು ಶಾಸನವಾಗಿಸಿದನು. ಅದರಿಂದ ತನಗೆ ಒದಗಬಹುದಾದ ಲಾಭವನ್ನೂ ಎಣಿಸಿದ್ದನು, ಸಂದೇಹವಿಲ್ಲ. ಆದರೆ ಅಂಗಡಿಯ ಬಾಗಿಲನ್ನು ತಾನಾಗಿ ಬಂದು ತಟ್ಟಿದ ಗಿರಾಕಿಯನ್ನು ಮೋಸಹೋದ ಮುಗ್ಧೆಯೆಂದು ಬರೆಯುವುದು ಯಾವ ನ್ಯಾಯ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಗಾದೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು.

ಇನ್ನು ವೇಷದ ಮಾತು. ಲಂಡನ್ನಿನ ಬೀದಿಗಳಲ್ಲಿ ಹಳೆಯ ಬಟ್ಟೆ ಕೊಂಡು ಮಾರುತ್ತ ಹೊಟ್ಟೆ ಹೊರೆದವರಲ್ಲಿ ಬಡ ಯೆಹೂದ್ಯರು ಹಲವರಿದ್ದರು. 'ಹಳೆಯದಕ್ಕೆ ಹೊಸದು' ಎಂಬ ಕೂಗನ್ನು ಡಿಸ್ರೇಲಿಯ ಬಾಯಲ್ಲಿಟ್ಟಾಗ ಅಂದಿನ ಓದುಗನಿಗೆ ಅವರ ನೆನಪಾಗದೆ ಇರದು. ಜೀವಮಾನದಲ್ಲಿ ಒಂದು ದಿನವೂ ಬೀದಿವ್ಯಾಪಾರ ಮಾಡದ ಸಾಹಿತಿಗೆ ಆ ಬುಟ್ಟಿಯನ್ನು ಹೊರಿಸಿದ್ದು ಆತನ ರಾಜನೀತಿಯಲ್ಲ, ಆತನ ಹುಟ್ಟು. ಹಿಂದಿನ ವರ್ಷ ಸೂಯೆಜ್ ಕಾಲುವೆಯ 1,76,602 ಪಾಲುಗಳನ್ನು ಈಜಿಪ್ಟಿನ ಖೇದಿವನಿಂದ ಸುಮಾರು 40 ಲಕ್ಷ ಪೌಂಡುಗಳಿಗೆ ಕೊಂಡಾಗಲೂ ಇದೇ ನಡೆದಿದ್ದಿತು. 1875ರ ಡಿಸೆಂಬರ್ 11ರ ಚಿತ್ರದಲ್ಲಿ ಡಿಸ್ರೇಲಿ ಇಂಡಿಯಾದ ಬೀಗದ ಕೈಯನ್ನು ಹಿಡಿದು ನಿಂತಿದ್ದಾನೆ. ಸ್ಫಿಂಕ್ಸ್ ಪ್ರತಿಮೆ ಕಣ್ಣು ಮಿಟುಕಿಸುತ್ತಿದೆ. ಶೀರ್ಷಿಕೆ 'ಈಜಿಪ್ಟಿನಲ್ಲಿ ಮೋಸೆಸ್' ಎಂಬ ಅರ್ಥದ ಇಟಾಲಿಯನ್ ಗೀತನಾಟಕದ ಹೆಸರು. ಮೆಚ್ಚುಗೆ ಸೂಸಿದ ಚಿತ್ರದಲ್ಲಿಯೂ ಕುಲವನ್ನು ನೆನಪಿಸದೆ ಬಿಡಲಿಲ್ಲ!

ವ್ಯಂಗ್ಯಚಿತ್ರವೆಂದಮೇಲೆ ಉತ್ಪ್ರೇಕ್ಷೆ ಸಹಜ, ಗ್ಲಾಡ್‌ಸ್ಟನ್ನನನ್ನೂ ಅವರು ಬಿಟ್ಟರೆ ಎಂದು ಪ್ರತಿವಾದಿಗಳು ಕೇಳಬಹುದು. ಬಿಡಲಿಲ್ಲ, ನಿಜ. ಆತನು ಮರ ಕಡಿಯುವುದನ್ನು ಹವ್ಯಾಸವಾಗಿ ಇಟ್ಟುಕೊಂಡಿದ್ದನು, ಚಿತ್ರಕಾರರು ಆತನ ಕೈಗೆ ಕೊಡಲಿ ಕೊಟ್ಟರು. ಅಂಗಿಯ ಕೊರಳಪಟ್ಟಿ ತುಸು ದೊಡ್ಡದಿದ್ದಿತು, ಹ್ಯಾರಿ ಫರ್ನಿಸ್ ಎಂಬಾತನು ಅದನ್ನು ಕಿವಿಯನ್ನೂ ಮೀರಿ ಬೆಳೆಸಿದನು. ವ್ಯತ್ಯಾಸವನ್ನು ಗಮನಿಸಬೇಕು. ಒಬ್ಬನ ಉತ್ಪ್ರೇಕ್ಷೆಗೆ ಆತನ ಅಭ್ಯಾಸಗಳು ಆಧಾರ. ಇನ್ನೊಬ್ಬನದಕ್ಕೆ ಆತನ ಅಜ್ಜಂದಿರು ಆಧಾರ. ಕೊಡಲಿಯನ್ನು ಕೆಳಗಿಡಬಹುದು, ಕೊರಳಪಟ್ಟಿಯನ್ನು ಕತ್ತರಿಸಬಹುದು. ಹುಟ್ಟನ್ನು ಎಲ್ಲಿ ಕಳಚಿಡುವುದು? ಡಿಸ್ರೇಲಿಯೂ ತಾರುಣ್ಯದಲ್ಲಿ ಬಣ್ಣದ ಅಂಗಿ, ಉಂಗುರ, ಗುಂಗುರು ಕೂದಲುಗಳಿಂದ ಮೆರೆದವನೇ. ಆ ಮೆರೆದಾಟವನ್ನು ನೋಡಿ ನಕ್ಕಿದ್ದರೆ ನಾವೂ ಜೊತೆಗೂಡಿ ನಗುತ್ತಿದ್ದೆವು.

ಈ ಪಂಕ್ತಿಯವರು ಸರಿಯಾಗಿ ನಗಲು ಬಾರದವರಾಗಿರಲಿಲ್ಲ. ಅದೇ 1876ರ ಆಗಸ್ಟ್ 5ರ ಚಿತ್ರವೇ ಅದಕ್ಕೆ ನಿದರ್ಶನ. ಬಲ್ಗೇರಿಯಾದಲ್ಲಿ ತುರ್ಕಿಯ ಪಡೆಗಳು ನಡೆಸಿದ ಹತ್ಯಾಕಾಂಡವನ್ನು ಡಿಸ್ರೇಲಿ ಸಭೆಯಲ್ಲಿ ಹಗುರಾಗಿ ಮಾತನಾಡಿ ತಳ್ಳಿಹಾಕಿದ್ದನು. ಚಿತ್ರದಲ್ಲಿ ಬ್ರಿಟಾನಿಯಾ ದೇವಿ ಆ ಕ್ರೌರ್ಯವನ್ನು ಬೆರಳಿಟ್ಟು ತೋರಿಸುತ್ತಾಳೆ. ಮುಖ್ಯಮಂತ್ರಿ ಕಾಗದದಲ್ಲಿ ದೃಷ್ಟಿ ನೆಟ್ಟು, ಅಧಿಕೃತ ವರದಿಯಲ್ಲಿ ಅಂತಹುದೇನೂ ಕಾಣದೆಂಬಂತೆ ಕುಳಿತಿದ್ದಾನೆ. ಇಲ್ಲಿ ಡಿಸ್ರೇಲಿಯ ಮುಖವನ್ನು ಅಳಿಸಿ ಬೇರೊಬ್ಬ ಮಂತ್ರಿಯ ಮುಖ ಬರೆದರೂ ಆರೋಪ ಉಳಿಯುತ್ತದೆ. ಕಿರೀಟದ ಚಿತ್ರದಲ್ಲಿ ಹಾಗೆ ಮಾಡಿ ನೋಡಿರಿ, ಸಪ್ಪೆಯಾಗುತ್ತದೆ. ಮುಖ ಬದಲಾದರೂ ನಿಲ್ಲುವುದು ಟೀಕೆ. ಮುಖದೊಡನೆ ಅಳಿದುಹೋಗುವುದು ನಿಂದೆ. ವ್ಯಂಗ್ಯಚಿತ್ರವನ್ನು ತೂಗಲು ನಾವು ಸೂಚಿಸುವ ತಕ್ಕಡಿ ಇದು.

ಕಿರೀಟದ ಚಿತ್ರದ ಇನ್ನೂ ದೊಡ್ಡ ದೋಷ ಬೇರೆಯಿದೆ. ಅದರಲ್ಲಿ ಮುಖ್ಯ ಪಾತ್ರಗಳು ಎರಡೇ, ಮಾರುವವನು ಮತ್ತು ಕೊಳ್ಳುವವಳು. ಆ ಕಿರೀಟ ಯಾರ ನಾಡಿನದೋ ಆ ಜನ ಎಲ್ಲಿ? ಪಾರ್ಲಿಮೆಂಟಿನಲ್ಲಿ ಎದುರುಪಕ್ಷದವರು ಕಳವಳಗೊಂಡದ್ದೂ ಚಕ್ರವರ್ತಿಪದವಿ ಆಂಗ್ಲ ಸಂಪ್ರದಾಯಕ್ಕೆ ಒಗ್ಗದು, ಅದು ನಿರಂಕುಶತೆಯ ವಾಸನೆಯುಳ್ಳದ್ದು ಎಂಬುದಕ್ಕಾಗಿ. ಇಂಡಿಯಾವನ್ನು ಆಳುವ ಹಕ್ಕು ಎಲ್ಲಿಂದ ಬಂದಿತೆಂದು ಆ ಚಿತ್ರ ಕೇಳುವುದಿಲ್ಲ. ಇದೇ ಟೆನಿಯಲ್ 1857ರ ಆಗಸ್ಟಿನಲ್ಲಿ ಬ್ರಿಟಿಷ್ ಸಿಂಹವು ಬಂಗಾಳದ ಹುಲಿಯ ಮೇಲೆ ಎರಗುವ ಚಿತ್ರ ಬರೆದು ಪ್ರತೀಕಾರಕ್ಕೆ ಕರೆಕೊಟ್ಟವನೆಂಬುದನ್ನು ನೆನೆದರೆ ಈ ಮೌನಕ್ಕೆ ಅಚ್ಚರಿಪಡಬೇಕಾಗಿಲ್ಲ. ಸಾಮ್ರಾಜ್ಯದ ದುರಾಶೆಯನ್ನೆಲ್ಲ ಪರಕೀಯನಂತೆ ಕಾಣುವ ಒಬ್ಬನ ತಲೆಗೆ ಕಟ್ಟಿದರೆ ಉಳಿದವರು ನಿಷ್ಕಳಂಕರಾಗಿ ಉಳಿಯಬಹುದಲ್ಲವೆ?

ಮುಂದಿನ ಇತಿಹಾಸ ಈ ಜಾಣತನವನ್ನು ಬಯಲುಮಾಡಿತು. 1880ರಲ್ಲಿ ಡಿಸ್ರೇಲಿ ಸೋತನು. 1881ರ ಏಪ್ರಿಲಿನಲ್ಲಿ ತೀರಿಕೊಂಡನು. ಮಾರುವವನು ಹೋದಮೇಲೆ ಬೇಡದ ಸರಕನ್ನು ಹಿಂದಿರುಗಿಸಿದರೆ? 1882ರಲ್ಲಿ ಅಲೆಕ್ಸಾಂಡ್ರಿಯಾ ಪಟ್ಟಣದ ಮೇಲೆ ಗುಂಡಿನ ಮಳೆ ಕರೆದು ಈಜಿಪ್ಟನ್ನು ಆಕ್ರಮಿಸಿದ್ದು ಗ್ಲಾಡ್‌ಸ್ಟನ್ನನ ಸರ್ಕಾರ. ಕಾಲುವೆಯ ಪಾಲುಗಳು 1956ರಲ್ಲಿ ನಾಸೆರ್ ಅದನ್ನು ರಾಷ್ಟ್ರೀಕರಿಸುವವರೆಗೂ ಬ್ರಿಟಿಷರ ಕೈಯಲ್ಲಿಯೇ ಇದ್ದವು. ಇಂಡಿಯಾದ ಚಕ್ರವರ್ತಿ ಎಂಬ ಬಿರುದನ್ನು ಅವರ ಅರಸನು ಕೆಳಗಿಟ್ಟದ್ದು, ನಾವು ಸ್ವತಂತ್ರರಾದ ಮರುವರ್ಷ, 1948ರಲ್ಲಿ. ಕಳಪೆಯೆಂದು ನಕ್ಕ ಕಿರೀಟವನ್ನು ಎಪ್ಪತ್ತು ವರ್ಷ ತಲೆಯಿಂದ ಇಳಿಸಲಿಲ್ಲ!

ನಾವು ಡಿಸ್ರೇಲಿಯ ವಕೀಲರಲ್ಲ. ಆತನು ವೈಸ್‌ರಾಯ್ ಆಗಿ ಕಳುಹಿಸಿದ ಲಿಟ್ಟನ್ 1877ರ ಜನವರಿ 1ರಂದು ದಿಲ್ಲಿಯಲ್ಲಿ ದರ್ಬಾರು ನಡೆಸಿ ಹೊಸ ಬಿರುದನ್ನು ಸಾರಿಸಿದಾಗ ದಕ್ಷಿಣದಲ್ಲಿ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮ ಜನರನ್ನು ನುಂಗುತ್ತಿದ್ದಿತು. ಅಂದು ಆದವಾನಿ, ರಾಯದುರ್ಗಗಳನ್ನೂ ಒಳಗೊಂಡಿದ್ದ ಬಳ್ಳಾರಿ ಜಿಲ್ಲೆ ಅದರ ಬಾಯಿಗೆ ನೇರವಾಗಿ ಸಿಕ್ಕ ನಾಡುಗಳಲ್ಲೊಂದು. ಪರಿಹಾರದ ಕೆಲಸಕ್ಕೆ ಬಂದವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ತುಸು ಕಾಸು ಸಾಕೆಂದು ರಿಚರ್ಡ್ ಟೆಂಪಲ್ ಕೂಲಿಯನ್ನು ಇಳಿಸಿದನು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷನು ಅದನ್ನು ವಿರೋಧಿಸಿದನು. 1876ರಿಂದ 1878ರವರೆಗಿನ ಆ ಕ್ಷಾಮದಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಮಿಗಿಲೆಂದು ಎಣಿಕೆ. ಕಿರೀಟದ ನಿಜವಾದ ಬೆಲೆ ಇದು. ಡಿಸ್ರೇಲಿಯನ್ನು ಈ ಲೆಕ್ಕಕ್ಕಾಗಿ ಕಟಕಟೆಗೆ ನಿಲ್ಲಿಸಿರಿ, ನಾವೇ ಸಾಕ್ಷಿ ನುಡಿಯುತ್ತೇವೆ. ಈ ಅಪರಾಧಕ್ಕೂ ಆತನ ಅಜ್ಜನ ದೇವಾಲಯಕ್ಕೂ ಏನು ಸಂಬಂಧ? ಲಿಟ್ಟನ್ ಯೆಹೂದ್ಯನಲ್ಲ, ಟೆಂಪಲ್ ಯೆಹೂದ್ಯನಲ್ಲ.

ನಗೆಯ ಸ್ವಾತಂತ್ರ್ಯವನ್ನು ಕೊಂಡಾಡುವವರು ಇನ್ನೊಂದನ್ನು ನೆನೆಯಲಿ. ಲಂಡನ್ನಿನಲ್ಲಿ ಪಂಚ್ ಬಳಗ ನಿರ್ಭಯವಾಗಿ ನಗುತ್ತಿದ್ದ 1878ರಲ್ಲಿಯೇ ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಶಾಸನವನ್ನು ತಂದನು. ಇಂಗ್ಲಿಷ್ ಪತ್ರಿಕೆಗಳಿಗೆ ಅದು ಅನ್ವಯಿಸಲಿಲ್ಲ. ರಿಪ್ಪನ್ ಬಂದಮೇಲೆ ಅದು ರದ್ದಾಯಿತು. ಒಡೆಯನ ಪಡಸಾಲೆಯಲ್ಲಿ ನಗೆ, ಒಕ್ಕಲಿನ ಬಾಯಿಗೆ ಬೀಗ. ಇದನ್ನು ಸ್ವಾತಂತ್ರ್ಯದ ಮಾದರಿಯೆಂದು ನಮ್ಮ ಮಕ್ಕಳಿಗೆ ಬೋಧಿಸುವುದು ಹೇಗೆ?

ಮಕ್ಕಳ ಮಾತು ಬಂದುದರಿಂದ ಉಪಾಧ್ಯಾಯ ವರ್ಗಕ್ಕೆ ಸೇರಿದ ನಮಗೆ ಹೇಳಬೇಕಾದುದೊಂದಿದೆ. ವ್ಯಂಗ್ಯಚಿತ್ರವನ್ನು ಪಠ್ಯದಲ್ಲಿ ಅಲಂಕಾರವಾಗಿ ಅಂಟಿಸುವ ಪದ್ಧತಿ ಅಪಾಯಕರ. ಗದ್ದಲವಾದೊಡನೆ ಕಿತ್ತೆಸೆಯುವುದೂ ಅಷ್ಟೇ ನಿರರ್ಥಕ. ಶಂಕರ್ ಅವರು 1949ರಲ್ಲಿ ಬರೆದ ಚಿತ್ರವೊಂದರಲ್ಲಿ ಡಾ. ಅಂಬೇಡ್ಕರ್ ಅವರು ಸಂವಿಧಾನವೆಂಬ ಬಸವನಹುಳುವಿನ ಮೇಲೆ ಕುಳಿತಿದ್ದಾರೆ; ಹಿಂದೆ ನೆಹರೂ ಅವರು ಚಾವಟಿ ಹಿಡಿದಿದ್ದಾರೆ. ಈ ಚಿತ್ರ ರಾಷ್ಟ್ರಮಟ್ಟದ ಪಠ್ಯಪುಸ್ತಕದಲ್ಲಿದ್ದು 2012ರಲ್ಲಿ ಪಾರ್ಲಿಮೆಂಟಿನಲ್ಲಿ ಕೋಲಾಹಲವಾಗಿ ತೆಗೆಯಲ್ಪಟ್ಟಿತು. ಚಿತ್ರಕಾರನು ಹೇಳಹೊರಟದ್ದು ಕೆಲಸದ ನಿಧಾನವನ್ನು ಎಂದು ಕೆಲವರು ವಾದಿಸಿದರು. ಆದರೆ ಚಾವಟಿಯ ಪೆಟ್ಟನ್ನು ತಲೆಮಾರುಗಳಿಂದ ಬಲ್ಲ ಮನೆಯ ಮಗು ಆ ಚಾವಟಿಯನ್ನು ಉಳಿದವರಂತೆ ಓದಲಾರದು ಎಂಬುದೂ ಅಷ್ಟೇ ದಿಟ. ಎರಡು ಓದುಗಳನ್ನೂ ತರಗತಿಯಲ್ಲಿ ಎದುರುಬದುರಾಗಿ ನಿಲ್ಲಿಸುವ ಧೈರ್ಯ ಶಿಕ್ಷಕನಿಗೆ ಇರಬೇಕು.

ಆದುದರಿಂದ ಡಿಸ್ರೇಲಿಯ ಚಿತ್ರಗಳನ್ನು ಮಕ್ಕಳ ಮುಂದೆ ಇಡಿರಿ. ಜೊತೆಗೆ ಮೂರು ಪ್ರಶ್ನೆಗಳನ್ನೂ ಇಡಿರಿ. ಈ ನಗೆಗೆ ಆಧಾರ ಆ ಮನುಷ್ಯನ ಕೃತಿಯೋ, ಅವನ ಹುಟ್ಟೋ? ಮುಖ ಬದಲಿಸಿದರೆ ಆರೋಪ ಉಳಿಯುವುದೋ, ಅಳಿಯುವುದೋ? ಚಿತ್ರದಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು? ಈ ಮೂರನ್ನೂ ಕೇಳಲು ಕಲಿತ ಹುಡುಗನು ನಾಳೆ ನಮ್ಮ ಪತ್ರಿಕೆಗಳಲ್ಲಿ ಒಬ್ಬನ ಜಾತಿಯನ್ನೋ ಮೈಬಣ್ಣವನ್ನೋ ಆಡುಮಾತನ್ನೋ ಹಿಡಿದು ನಗಿಸುವ ಚಿತ್ರ ಬಂದರೆ ಮೋಸಹೋಗಲಾರನು. ಹಾಗೆ ಕಲಿಸದೆ ಬರಿದೆ ನಗಿಸಿ ಕಳುಹಿಸಿದರೆ, ಹಳೆಯ ದೀಪವನ್ನು ಕೊಟ್ಟು ಹೊಸ ದೀಪವನ್ನು ಕೊಂಡವರು ನಾವೇ ಆಗುತ್ತೇವೆ.